ಕೂಗುವುದು ಮೀಟರ್, ಒಣಗಿರುವುದು ಕೇಬಲ್

ಬೆಳಿಗ್ಗೆ ಗಾಡಿ ಗೇಟು ದಾಟಿ ಮೂರನೇ ಗೇರಿಗೆ ಬರುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಒಳಗಿಂದ ‘ಕೀಂಯ್’ ಎಂದು ಶುರುವಾಗುತ್ತಿತ್ತು. ವೇಗ ಏರಿದಂತೆ ದನಿಯೂ ಏರಿ, ಐವತ್ತು ದಾಟುವಾಗ ಎಣ್ಣೆ ಕಾಣದ ಬಾವಿ ರಾಟೆಯ ಹಾಗೆ ಕಿರುಚುತ್ತಿತ್ತು. ವೇಗ ತೋರಿಸುವ ಮೀಟರಿನ (ಸ್ಪೀಡೋಮೀಟರಿನ) ಮುಳ್ಳು ಮಾತ್ರ 30ಕ್ಕೂ 50ಕ್ಕೂ ನಡುವೆ ತಲೆಯಾಡಿಸುತ್ತ ಕೂತಿರುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಅಮ್ಮ, ‘ಒಳಗೆ ಇಲಿ ಮರಿ ಹಾಕಿದೆ ಕಣೋ, ಮೊದಲು ಅದನ್ನ ನೋಡು’ ಅಂದರು. ಗ್ಯಾರೇಜಿನ ಹುಡುಗ ಇಲಿಯನ್ನು ನಂಬಲಿಲ್ಲ. ಮೀಟರಿನ ಹಿಂದಕ್ಕೆ ಸಣ್ಣ ಕೊಳವೆ ತೂರಿಸಿ, ತುಕ್ಕು ಬಿಡಿಸುವ ಸ್ಪ್ರೇಯನ್ನು ಧಾರಾಳವಾಗಿ ಹೊಡೆದ. ಶಬ್ದ ನಿಂತೇ ಹೋಯಿತು. ಎಂಟು ದಿನಕ್ಕೆ ಮತ್ತೆ ಬಂತು. ಈ ಸಲ ಮೀಟರಿನ ಗಾಜಿನ ಒಳಮೈಗೆ ಎಣ್ಣೆಯ ಮಂಜು ಬೇರೆ ಕಟ್ಟಿತ್ತು.

ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಮೀಟರಿನಲ್ಲಲ್ಲ, ಅದಕ್ಕೆ ಹೋಗುವ ಕೇಬಲ್ಲಿನಲ್ಲಿ. ಮೀಟರ್ ಕೂಗಿದೊಡನೆ ಮೀಟರಿಗೇ ಕೈ ಹಾಕುವುದು ನಮ್ಮೆಲ್ಲರ ಅಭ್ಯಾಸ. ಆದರೆ ತಂಬೂರಿಯಲ್ಲಿ ಬೆರಳು ಮೀಟುವುದು ತಂತಿಯನ್ನು, ಮೊಳಗುವುದು ಬುರುಡೆ. ಕಾರಿನಲ್ಲೂ ಹಾಗೇ. ಎಲ್ಲೋ ಕೆಳಗೆ ಆಗುವ ಉಜ್ಜಾಟ ಕೇಬಲ್ಲಿನ ಗುಂಟ ಮೇಲೆ ಬರುತ್ತದೆ, ಟೊಳ್ಳು ಡ್ಯಾಶ್‌ಬೋರ್ಡು ಅದನ್ನು ಹತ್ತು ಪಟ್ಟು ಮಾಡಿ ನಮ್ಮ ಕಿವಿಗೆ ತಲುಪಿಸುತ್ತದೆ. ಹಾಗಾಗಿ ಪಾನಾ ಹಿಡಿಯುವ ಮೊದಲು ಈ ಸಾಧನ ಹೇಗೆ ಓಡುತ್ತದೆಂದು ತಿಳಿದಿದ್ದರೆ ದುಡ್ಡೂ ಉಳಿಯುತ್ತದೆ, ಮೀಟರೂ ಉಳಿಯುತ್ತದೆ.

ಇಲ್ಲಿ ಹೇಳುವುದೆಲ್ಲ ಕೇಬಲ್ಲಿನಿಂದ ಓಡುವ ಮೀಟರಿನ ಕಥೆ. ಎಲ್ಲರೂ ಫಿಯೆಟ್ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ, ಅಂಬಾಸಡರ್, ಮೊದಮೊದಲ ಮಾರುತಿ 800, ಎಲ್ಲ ಈ ಜಾತಿಯವೇ. ಈಚಿನ ಕಾರುಗಳಲ್ಲಿ ಗೇರ್ ಬಾಕ್ಸಿನ ಬಳಿಯೋ ಚಕ್ರದ ಬಳಿಯೋ ಒಂದು ಸೆನ್ಸರ್ ಇರುತ್ತದೆ, ಅಲ್ಲಿಂದ ಮೀಟರಿಗೆ ಬರುವುದು ಬರೀ ವಿದ್ಯುತ್ ಸಂಕೇತ. ತಿರುಗುವ ಕೇಬಲ್ಲೇ ಇಲ್ಲದ ಮೇಲೆ ಅದು ಕಿರುಚುವ ಮಾತೂ ಇಲ್ಲ.

ಮುಟ್ಟದೆಯೇ ತಳ್ಳುವ ಯಂತ್ರ

ಗೇರ್ ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಹೊರಡುವ ಬದಿಯಲ್ಲಿ ಒಂದು ಪುಟ್ಟ ಹಲ್ಲುಚಕ್ರವಿದೆ, ಬಹುಪಾಲು ಪ್ಲಾಸ್ಟಿಕ್ಕಿನದು. ಅದು ಕೇಬಲ್ಲಿನ ಕೆಳತುದಿಯನ್ನು ತಿರುಗಿಸುತ್ತದೆ. ಎಂಜಿನ್ ಎಷ್ಟೇ ಜೋರಾಗಿ ತಿರುಗಲಿ, ಗಾಡಿ ನಿಂತಿದ್ದರೆ ಕೇಬಲ್ ತಿರುಗುವುದಿಲ್ಲ. ಗಾಡಿ ಉರುಳುತ್ತಿದ್ದರೆ ನ್ಯೂಟ್ರಲ್‌ನಲ್ಲೂ ತಿರುಗುತ್ತದೆ. ಈ ಒಂದು ಸಂಗತಿ ಮುಂದೆ ಪತ್ತೆಯ ಕೆಲಸಕ್ಕೆ ಬಹಳ ಬೇಕಾಗುತ್ತದೆ.

ಕೇಬಲ್ ಎಂದರೆ ಎರಡು ಭಾಗ. ಮೆಕ್ಯಾನಿಕ್‌ಗಳ ಬಾಯಲ್ಲಿ ಹೊರಗಿನದು ಔಟರ್, ಒಳಗಿನದು ಇನ್ನರ್. ಔಟರ್ ತಿರುಗದ ಕೊಳವೆ. ಇನ್ನರ್ ತೆಳ್ಳಗಿನ ಉಕ್ಕಿನ ತಂತಿಗಳನ್ನು ಪದರದ ಮೇಲೆ ಪದರವಾಗಿ, ಒಂದು ಪದರ ಬಲಕ್ಕಾದರೆ ಮುಂದಿನದು ಎಡಕ್ಕೆ ಸುತ್ತಿ ಮಾಡಿದ ಹುರಿ. ಬಾಗಬೇಕು, ಆದರೆ ಒಂದು ತುದಿ ತಿರುಗಿಸಿದರೆ ಇನ್ನೊಂದು ತುದಿಯೂ ಅಷ್ಟೇ ತಿರುಗಬೇಕು. ಹಗ್ಗವೂ ಆಗಿರಬೇಕು, ಸರಳೂ ಆಗಿರಬೇಕು. ಈ ಎರಡು ಗುಣ ಒಟ್ಟಿಗೆ ಬರಲೆಂದೇ ಆ ನುಲಿ. ಎರಡೂ ತುದಿ ಸಾಮಾನ್ಯವಾಗಿ ಚೌಕಾಕಾರ. ಒಂದು ಗೇರಿನ ಚೌಕ ತೂತಿಗೆ, ಇನ್ನೊಂದು ಮೀಟರಿನ ಹಿಂಭಾಗದ ತೂತಿಗೆ ಕೂರುತ್ತದೆ.

ಎಷ್ಟು ಸುತ್ತು? ಜಪಾನಿ ಮಾನದಂಡದ ಕಾರು ಮೀಟರುಗಳಲ್ಲಿ ಕೇಬಲ್ ನಿಮಿಷಕ್ಕೆ 637 ಸುತ್ತು ಹಾಕಿದರೆ ಮುಳ್ಳು 60 ಕಿ.ಮೀ. ತೋರಿಸಬೇಕು. 60ರ ವೇಗದಲ್ಲಿ ನಿಮಿಷಕ್ಕೆ ಒಂದು ಕಿಲೋಮೀಟರ್ ಆದ್ದರಿಂದ, ಒಂದು ಕಿಲೋಮೀಟರಿಗೆ 637 ಸುತ್ತು ಎಂದಾಯಿತು. ಒಂದು ಲಕ್ಷ ಕಿಲೋಮೀಟರ್ ಓಡಿದ ಗಾಡಿಯ ಇನ್ನರ್ 6 ಕೋಟಿ 37 ಲಕ್ಷ ಸಲ ತಿರುಗಿದೆ. ಅಷ್ಟಕ್ಕೂ ಕಾರ್ಖಾನೆಯಲ್ಲಿ ಒಮ್ಮೆ ಸವರಿದ ಗ್ರೀಸೇ ಆಧಾರ. ಎಂಜಿನ್ ಆಯಿಲನ್ನು ಕಾಲಕಾಲಕ್ಕೆ ಬದಲಿಸುವ ನಾವು ಇದನ್ನು ನೆನೆಸಿಕೊಳ್ಳುವುದೇ ಇಲ್ಲ.

ಇನ್ನು ಮೀಟರಿನ ಒಳಗೆ. ಕೇಬಲ್ ತಿರುಗಿಸುವುದು ಒಂದು ಅಯಸ್ಕಾಂತವನ್ನು. ಅದರ ಸುತ್ತ, ಅದಕ್ಕೆ ತಾಗದ ಹಾಗೆ, ಅಲ್ಯೂಮಿನಿಯಮ್ಮಿನ ಒಂದು ಪುಟ್ಟ ಬಟ್ಟಲು. ಬಟ್ಟಲಿನ ಕಡ್ಡಿಗೇ ಮುಳ್ಳು. ಅಲ್ಯೂಮಿನಿಯಮ್ಮಿಗೆ ಅಯಸ್ಕಾಂತ ಅಂಟುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಬಟ್ಟಲು ಯಾಕೆ ತಿರುಗುತ್ತದೆ? ಮನೆಯಲ್ಲೇ ನೋಡಬಹುದು. ಹಾಳಾದ ಹಾರ್ಡ್ ಡಿಸ್ಕಿನಿಂದ ಬಿಚ್ಚಿದ ಬಲವಾದ ಅಯಸ್ಕಾಂತವನ್ನು ಓರೆಯಾಗಿ ಹಿಡಿದ ದಪ್ಪ ಅಲ್ಯೂಮಿನಿಯಂ ಹಾಳೆಯ ಮೇಲೆ ಜಾರಲು ಬಿಡಿ. ಮರದ ಹಲಗೆಯ ಮೇಲೆ ಸರ್ರನೆ ಜಾರುವ ಅದು ಇಲ್ಲಿ ಜೇನುತುಪ್ಪದಲ್ಲಿ ಇಳಿದಂತೆ ನಿಧಾನವಾಗಿ ಇಳಿಯುತ್ತದೆ. ಅಯಸ್ಕಾಂತ ಸರಿದಾಗ ಲೋಹದೊಳಗೆ ಸುಳಿ ಸುಳಿಯಾಗಿ ವಿದ್ಯುತ್ ಹುಟ್ಟುತ್ತದೆ, ಆ ಸುಳಿಗಳು ಅಯಸ್ಕಾಂತವನ್ನು ತಡೆಯುತ್ತವೆ. ತಡೆ ಪರಸ್ಪರವಾದ್ದು: ಲೋಹ ಅಯಸ್ಕಾಂತವನ್ನು ಹಿಡಿದೆಳೆದರೆ ಅಯಸ್ಕಾಂತವೂ ಲೋಹವನ್ನು ತನ್ನ ಜೊತೆ ಎಳೆಯುತ್ತದೆ. ತಿರುಗುವ ತಾಮ್ರದ ತಟ್ಟೆ ಅಯಸ್ಕಾಂತದ ಮುಳ್ಳನ್ನು ತನ್ನ ಹಿಂದೆ ಎಳೆಯುವುದನ್ನು ಫ್ರಾನ್ಸಿನ ವಿಜ್ಞಾನಿ ಅರಾಗೋ 1824ರಲ್ಲೇ ಕಂಡಿದ್ದ. ಅದನ್ನೇ ವೇಗ ಅಳೆಯಲು ಹೂಡಿ 1902ರಲ್ಲಿ ಪೇಟೆಂಟ್ ಪಡೆದವನು ಜರ್ಮನಿಯ ಓಟ್ಟೊ ಶುಲ್ಟ್ಸೆ. ಆಮೇಲೆ ಹಲವು ದಶಕ ಜಗತ್ತಿನ ಬಹುಪಾಲು ಕಾರುಗಳು ಇದೇ ಉಪಾಯದ ಮೇಲೆ ಓಡಿದವು.

ಬಟ್ಟಲು ಸುತ್ತಿಕೊಂಡೇ ಹೋಗದಂತೆ ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತಿರುತ್ತದೆ. ವೇಗ ಹೆಚ್ಚಿದಷ್ಟೂ ಅಯಸ್ಕಾಂತದ ಸೆಳೆತ ಹೆಚ್ಚು. ಸ್ಪ್ರಿಂಗ್ ಮತ್ತು ಸೆಳೆತ ಸರಿಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಕಿಲೋಮೀಟರ್ ಎಣಿಸುವ ಅಂಕಿಚಕ್ರಗಳಿಗೆ ಈ ಅಯಸ್ಕಾಂತದ ಗೊಡವೆ ಇಲ್ಲ. ಅದೇ ಕೇಬಲ್ ಸಣ್ಣ ಹಲ್ಲುಚಕ್ರಗಳ ಮೂಲಕ ಅವನ್ನು ನೇರವಾಗಿ ತಿರುಗಿಸುತ್ತದೆ.

ಇದರಿಂದ ಒಂದು ಒಳ್ಳೆಯ ಜಾಡು ಸಿಗುತ್ತದೆ. ಮುಳ್ಳೂ ಸತ್ತಿದೆ, ಅಂಕಿಯೂ ಓಡುತ್ತಿಲ್ಲ ಎಂದರೆ ಕೇಬಲ್ ತುಂಡಾಗಿದೆ, ಅಥವಾ ತುದಿ ಕಳಚಿದೆ, ಅಥವಾ ಕೆಳಗಿನ ಗೇರ್ ಸವೆದಿದೆ. ಅಂಕಿ ಓಡುತ್ತಿದೆ, ಮುಳ್ಳು ಮಾತ್ರ ಏಳುತ್ತಿಲ್ಲ ಎಂದರೆ ದೋಷ ಬಟ್ಟಲು-ಸ್ಪ್ರಿಂಗಿನ ಕಡೆ. ಮುಳ್ಳು ಸರಿ, ಅಂಕಿ ನಿಂತಿದೆ ಎಂದರೆ ಮೀಟರಿನೊಳಗಿನ ಪ್ಲಾಸ್ಟಿಕ್ ಹಲ್ಲು ಮುರಿದಿದೆ. ಮುಳ್ಳು ಹುಚ್ಚು ಹುಚ್ಚಾಗಿ ಕುಣಿಯುತ್ತಿದ್ದರೂ ಕಿಲೋಮೀಟರ್ ಲೆಕ್ಕ ಸರಿಯಾಗಿಯೇ ಇದ್ದರೆ? ಅದು ಹೆಚ್ಚುಕಡಿಮೆ ಯಾವಾಗಲೂ ಒಣಗಿದ ಕೇಬಲ್.

ಯಾಕೆಂದರೆ ಒದ್ದೆ ಟವೆಲ್ ಹಿಂಡುವುದನ್ನು ನೆನೆಸಿಕೊಳ್ಳಿ. ಇನ್ನರಿನ ಕೆಳತುದಿಯನ್ನು ಗೇರು ಒಂದೇ ಸಮನೆ ತಿರುಗಿಸುತ್ತಿದೆ. ನಡುವೆ ಎಲ್ಲೋ ಅದು ಔಟರಿಗೆ ಕಚ್ಚಿಕೊಂಡಿದೆ. ಮೇಲ್ತುದಿ ನಿಂತಿದೆ, ಕೆಳತುದಿ ತಿರುಗುತ್ತಲೇ ಇದೆ. ಮಧ್ಯದ ಹುರಿ ಹಿಂಡಿಕೊಳ್ಳುತ್ತ ಹೋಗುತ್ತದೆ. ಕಚ್ಚಾಟ ಸೋತ ಕ್ಷಣಕ್ಕೆ ಕೂಡಿಟ್ಟ ತಿರುಚೆಲ್ಲ ಒಮ್ಮೆಗೇ ಬಿಚ್ಚಿಕೊಂಡು ಮೇಲ್ತುದಿ ಸರ್ರನೆ ಸುತ್ತುತ್ತದೆ, ಮುಳ್ಳು 60ಕ್ಕೆ ಹಾರುತ್ತದೆ. ಮತ್ತೆ ಕಚ್ಚುತ್ತದೆ, ಮುಳ್ಳು 30ಕ್ಕೆ ಬೀಳುತ್ತದೆ. ಸುತ್ತುಗಳು ತಡವಾಗಿ ಬಂದವೇ ಹೊರತು ಕಳೆದುಹೋಗಲಿಲ್ಲ, ಆದ್ದರಿಂದ ಕಿಲೋಮೀಟರ್ ಲೆಕ್ಕ ತಪ್ಪುವುದಿಲ್ಲ. ಆ ಬಿಗಿತ, ಬಿಡುವಿಕೆ ಕ್ಷಣಕ್ಕೆ ಹಲವು ಸಲ ಆದಾಗ ಅದೇ ನಮಗೆ ಕೇಳುವ ಗರಗರ. ಪಿಟೀಲಿನ ಕಮಾನು ತಂತಿಯಿಂದ ನಾದ ಹೊರಡಿಸುವುದೂ ಇದೇ ಉಪಾಯದಿಂದ. ಕಮಾನಿಗೆ ರಾಳ ಹಚ್ಚುತ್ತಾರೆ, ಇಲ್ಲಿ ಒಣಗಿದ ಗ್ರೀಸೇ ರಾಳ.

ಮೊದಲು ಕಿವಿ, ಆಮೇಲೆ ಕೈ

ಶಬ್ದ ಮೀಟರಿನದೇ ಎಂದು ಖಾತ್ರಿಯಾಗಬೇಕು. ವಾಹನಗಳಿಲ್ಲದ ಸಮತಟ್ಟು ರಸ್ತೆಯಲ್ಲಿ ನಲವತ್ತು-ಐವತ್ತರಲ್ಲಿ ಹೋಗುತ್ತ ಕೆಲವು ಸೆಕೆಂಡು ನ್ಯೂಟ್ರಲ್ಲಿಗೆ ಹಾಕಿ. ಎಂಜಿನ್ ಆರಿಸಬೇಡಿ, ಬ್ರೇಕ್ ಗಟ್ಟಿಯಾಗುತ್ತದೆ, ಕೀಲಿ ತಿರುಗಿಸಿದರೆ ಸ್ಟಿಯರಿಂಗ್ ಲಾಕ್ ಆಗುವ ಅಪಾಯವೂ ಇದೆ. ಎಂಜಿನ್ ಇಳಿದೊಡನೆ ಶಬ್ದವೂ ಇಳಿದರೆ ಅದು ಬೆಲ್ಟೋ ಆಲ್ಟರ್ನೇಟರೋ, ಮೀಟರಿಗೆ ಸಂಬಂಧವಿಲ್ಲ. ಶಬ್ದ ಹಾಗೇ ಮುಂದುವರಿದು ಗಾಡಿ ನಿಧಾನವಾದಂತೆ ನಿಧಾನವಾದರೆ ಅದು ಚಕ್ರದ ಜೊತೆ ತಿರುಗುವ ಯಾವುದೋ ವಸ್ತು. ಚಕ್ರದ ಬೇರಿಂಗ್ ಕೂಡ ಹೀಗೇ ಮಾಡುತ್ತದೆ. ಆದರೆ ಬೇರಿಂಗಿನದು ಗುಂಯ್‌ಗುಡುವ ತಗ್ಗು ದನಿ, ತಿರುವಿನಲ್ಲಿ ಭಾರ ಒಂದು ಕಡೆ ವಾಲಿದಾಗ ಬದಲಾಗುತ್ತದೆ. ಮೀಟರಿನ ಕೂಗಿಗೆ ತಿರುವಿನ ಹಂಗಿಲ್ಲ.

ಇನ್ನು ಶಬ್ದದ ಜಾತಿ. ಚಳಿಯ ಬೆಳಿಗ್ಗೆ ಕಿರುಚಿ, ಹತ್ತು ನಿಮಿಷ ಓಡಿದ ಮೇಲೆ ತಾನೇ ಸುಮ್ಮನಾಗುವ ತೀಕ್ಷ್ಣ ಸಿಳ್ಳೆ ಬಹಳ ಸಲ ಮೀಟರಿನ ಒಳಗೆ ತಿರುಗುವ ಕಡ್ಡಿ ಕೂರುವ ಬಳೆಯ, ಅಂದರೆ ಬುಷ್‌ನದು. ಮುಳ್ಳಿನ ಕುಣಿತದ ಜೊತೆ ಬರುವ ಗರಗರ ಕೇಬಲ್ಲಿನದು. ಟಿಕ್ ಟಿಕ್ ಎಂದು ತಾಳ ಹಾಕಿದ ಹಾಗೆ ಕೇಳಿದರೆ ಎಣಿಸಿ ನೋಡಿ. ಮೇಲೆ ಹೇಳಿದ ಲೆಕ್ಕದಲ್ಲಿ 20ರ ವೇಗದಲ್ಲಿ ಕೇಬಲ್ ಸೆಕೆಂಡಿಗೆ ಮೂರೂವರೆ ಸುತ್ತು ಹಾಕುತ್ತದೆ. ಟಿಕ್ಕೂ ಅಷ್ಟೇ ಬಂದರೆ ಇನ್ನರಿನಲ್ಲಿ ಎಲ್ಲೋ ಮಡಿಕೆ ಬಿದ್ದಿದೆ, ಅಥವಾ ಎಳೆಯೊಂದು ಎದ್ದು ನಿಂತಿದೆ. ಬಹಳ ಹೊತ್ತಿಗೊಮ್ಮೆ, ಸರಿಯಾಗಿ ಕಿಲೋಮೀಟರಿನ ಅಂಕಿ ಉರುಳುವಾಗಲೇ ‘ಕಟ್’ ಎಂದರೆ ಅಂಕಿಚಕ್ರಗಳದ್ದು. 9 ಹೋಗಿ 0 ಬರುವಾಗ ಪಕ್ಕದ ಚಕ್ರವನ್ನೂ ತಳ್ಳಬೇಕಾದ್ದರಿಂದ ಆಗ ಜೋರು. ಅದು ಕಾಯಿಲೆ ಏನಲ್ಲ, ವಯಸ್ಸು.

ಒಂದನ್ನು ಮಾತ್ರ ನಾಳೆಗೆ ಬಿಡಬಾರದು: ಲೋಹ ಲೋಹವನ್ನು ಕೆರೆಯುವ ದನಿಯ ಜೊತೆಗೆ ಮುಳ್ಳು ಒಮ್ಮೆಲೇ ಕೊನೆಯ ಅಂಕಿಗೆ ಹೋಗಿ ಬಡಿದುಕೊಳ್ಳುವುದು. ಬುಷ್ ಸವೆದು ಅಯಸ್ಕಾಂತ ಓಲಾಡಿ ಬಟ್ಟಲಿಗೆ ತಾಗುತ್ತಿದೆ ಎಂದರ್ಥ. ಹಾಗೇ ಓಡಿಸಿದರೆ ಮೀಟರ್ ಜಾಮ್ ಆಗುತ್ತದೆ, ಕೆಳಗಿನ ಗೇರು ನಿಲ್ಲುವುದಿಲ್ಲ, ನಡುವೆ ಸಿಕ್ಕ ಕೇಬಲ್ ತುಂಡಾಗುತ್ತದೆ. ನಸೀಬು ಕೆಟ್ಟರೆ ಪ್ಲಾಸ್ಟಿಕ್ ಗೇರಿನ ಹಲ್ಲುಗಳೂ ಹೋಗುತ್ತವೆ. ಅಲ್ಲಿಗೆ ಚಮಚದಷ್ಟು ಎಣ್ಣೆಯಲ್ಲಿ ಮುಗಿಯುತ್ತಿದ್ದ ಕೆಲಸ ಗೇರ್ ಬಾಕ್ಸಿನವರೆಗೆ ಇಳಿಯಿತು.

ಕಿವಿ ಹೇಳಿದ್ದನ್ನು ಕೈಯಿಂದ ಖಚಿತ ಮಾಡಿಕೊಳ್ಳಲು ಮೀಟರಿನ ಹಿಂದೆ ಕೇಬಲ್ ಕಳಚಿ ಒಂದು ಸುತ್ತು ಹೋಗಿ ಬನ್ನಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಯೇ ಡ್ಯಾಶ್‌ಬೋರ್ಡಿಗೆ ಕೈ ಹಾಕಬೇಕು. ಹಳೆಯ ಮೀಟರುಗಳಲ್ಲಿ ಅಂಚಿಗೆ ಗೀರು ಹಾಕಿದ ದುಂಡು ನಟ್ ಇರುತ್ತದೆ, ಕೈಯಲ್ಲೇ ತಿರುಗಿಸಬಹುದು. ಆಮೇಲಿನವುಗಳಲ್ಲಿ ಪ್ಲಾಸ್ಟಿಕ್ ಕ್ಲಿಪ್. ಅದರ ನಾಲಿಗೆ ಒತ್ತಿ ಎಳೆಯಬೇಕು, ಜಗ್ಗಾಡಿದರೆ ನಾಲಿಗೆ ಮುರಿಯುತ್ತದೆ. ಕಳಚಿದ ತುದಿಯನ್ನು ವೈರುಗಳಿಗೆ, ಪೆಡಲುಗಳಿಗೆ ಸಿಕ್ಕದಂತೆ ಕಟ್ಟಿ, ಬ್ಯಾಟರಿ ಮತ್ತೆ ಕೊಟ್ಟು, ನಿಧಾನವಾಗಿ ಮನೆಯ ಸುತ್ತಮುತ್ತ ಓಡಿಸಿ. ಶಬ್ದ ಪೂರ್ತಿ ಹೋಯಿತೇ, ತಪ್ಪು ಮೀಟರಿನದು. ಇನ್ನೂ ಇದೆಯೇ, ಕೇಬಲ್ಲಿನದು ಅಥವಾ ಅದರ ಕೆಳಗಿನದು. ಕೆಳತುದಿಯನ್ನೂ ಕಳಚಿದ ಮೇಲೂ ಶಬ್ದ ಬಂದರೆ ಈ ಲೇಖನ ಮುಚ್ಚಿಟ್ಟು ಚಕ್ರದ ಬೇರಿಂಗ್ ನೋಡಿಸಿ.

ಚಕ್ರ ಜಾಕ್ ಹಾಕಿ ಎತ್ತಿ, ಗೇರ್ ಕೊಟ್ಟು ಓಡಿಸಿ ಕೇಳುವ ಪದ್ಧತಿ ಕೆಲವರಲ್ಲಿದೆ. ಮನೆಯಂಗಳದಲ್ಲಿ ಅದು ಬೇಡ. ಜಾಕ್ ಜಾರಿದರೆ ಗಾಡಿ ಓಡಿಯೇ ಬಿಡುತ್ತದೆ.

ರೆಡ್ ಆಕ್ಸೈಡ್ ನೆಲದ ಪರೀಕ್ಷೆ

ಕೇಬಲ್ ಎಂದು ಗೊತ್ತಾದರೆ ಇನ್ನರನ್ನು ಹೊರಗೆಳೆಯಬೇಕು. ಬಹಳಷ್ಟು ಕಾರುಗಳಲ್ಲಿ ಮೀಟರಿನ ಕಡೆಯಿಂದಲೇ ಅದು ಜಾರಿ ಬರುತ್ತದೆ. ಬರದಿದ್ದರೆ ಒಂದು ತುದಿಗೆ ಸಣ್ಣ ವಾಷರ್ ಕೂರಿಸಿರುತ್ತಾರೆ. ಆಗ ಕೆಳಗಿನಿಂದ ಔಟರನ್ನೂ ಬಿಚ್ಚಿ ಇಡೀ ಕೇಬಲ್ ತೆಗೆಯುವುದೇ ಸರಿ. ಬಿಚ್ಚುವ ಮೊದಲು ಕೇಬಲ್ ಎಲ್ಲೆಲ್ಲಿ ಹಾದಿದೆ, ಬಾಡಿಯ ತೂತಿನ ರಬ್ಬರ್ ಯಾವ ಮುಖ ಮಾಡಿದೆ ಎಂದು ಮೊಬೈಲಿನಲ್ಲಿ ನಾಲ್ಕು ಫೋಟೊ ಹೊಡೆದುಕೊಳ್ಳಿ. ಸಂಜೆಯ ಹೊತ್ತಿಗೆ ನೆನಪು ಕೈಕೊಡುತ್ತದೆ.

ನಮ್ಮ ಗಾಡಿಯ ಇನ್ನರನ್ನು ಪಡಸಾಲೆಯಲ್ಲಿ ಹಳೇ ಪೇಪರಿನ ಮೇಲೆ ಎಳೆದು ಹಾಕಿದಾಗ ಅದಕ್ಕೆ ಮೆತ್ತಿದ್ದುದು ಗ್ರೀಸ್ ಎಂದು ಹೇಳುವ ಹಾಗಿರಲಿಲ್ಲ. ಹುಣಸೆಹಣ್ಣಿನ ಚರಟದಂತೆ ಕಪ್ಪಗೆ, ಉಗುರಿನಿಂದ ಕೆರೆದರೆ ಪುಡಿ ಉದುರುವಂತಿತ್ತು. ಕೆಳಗಿನ ಒಂದಡಿ ಮಾತ್ರ ಗೇರ್ ಬಾಕ್ಸಿನ ಎಣ್ಣೆ ಕುಡಿದು ಫಳಫಳ ಹೊಳೆಯುತ್ತಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಲ ಒರೆಸಿ, ಮೂರನೇ ಸಲ ಒಣ ಹತ್ತಿ ಬಟ್ಟೆಯನ್ನು ಸುತ್ತಿ ಹಿಡಿದು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದೆ. ಮುಕ್ಕಾಲು ದಾರಿಯಲ್ಲಿ ಬಟ್ಟೆ ಚಕ್ಕನೆ ಸಿಕ್ಕಿಕೊಂಡಿತು. ಕೂದಲಿಗಿಂತ ತುಸು ದಪ್ಪದ ಒಂದು ತಂತಿ ಮುರಿದು ಮುಳ್ಳಿನಂತೆ ಎದ್ದಿತ್ತು. ಬೆರಳಿನಲ್ಲಿ ಹುಡುಕಲು ಹೋಗಿದ್ದರೆ ರಕ್ತ ಬರುತ್ತಿತ್ತು, ಬಟ್ಟೆ ಸುತ್ತಿಕೊಳ್ಳುವುದು ಅದಕ್ಕೇ.

ಎಳೆ ಮುರಿದ ಇನ್ನರಿಗೆ ಔಷಧಿ ಇಲ್ಲ. ಕತ್ತರಿಸಿ ನಯ ಮಾಡಿದರೂ ಆ ಪದರ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಬದಲಿಸುವುದೇ ದಾರಿ.

ಎಳೆ ಸರಿ ಇದ್ದರೂ ಮಡಿಕೆ ಬಿದ್ದಿರಬಹುದು. ಅದನ್ನು ಕಣ್ಣು ಹಿಡಿಯುವುದಿಲ್ಲ, ನೆಲ ಹಿಡಿಯುತ್ತದೆ. ನುಣುಪಾದ ರೆಡ್ ಆಕ್ಸೈಡ್ ನೆಲದ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಇನ್ನರನ್ನು ನೆಟ್ಟಗೆ ಇಟ್ಟು ಅಂಗೈಯಿಂದ ಚಪಾತಿ ಲಟ್ಟಣಿಗೆಯಂತೆ ಉರುಳಿಸಿ. ಸರಿಯಿದ್ದರೆ ಉದ್ದಕ್ಕೂ ಒಂದೇ ಸಮ ಉರುಳುತ್ತದೆ. ಮಡಿಕೆ ಇದ್ದ ಜಾಗ ಪ್ರತಿ ಸುತ್ತಿಗೂ ಟಪ್ ಎಂದು ನೆಲ ಬಿಟ್ಟು ಏಳುತ್ತದೆ. ಇನ್ನೊಂದು ಪರೀಕ್ಷೆ: ಎರಡೂ ತುದಿ ಎರಡು ಕೈಯಲ್ಲಿ ಹಿಡಿದು ಉಯ್ಯಾಲೆಯಂತೆ ಇಳಿಬಿಟ್ಟು, ಒಂದು ತುದಿಯನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಇಡೀ ಕುಣಿಕೆ ಇದ್ದಲ್ಲೇ ನಯವಾಗಿ ಸುತ್ತಬೇಕು. ಒಂದು ಹಂತದಲ್ಲಿ ತಡೆದು, ಆಮೇಲೆ ಜಿಗಿದರೆ, ಮುಳ್ಳು ಕುಣಿಯುತ್ತಿದ್ದದ್ದು ಇದರಿಂದಲೇ. ಚೌಕದ ತುದಿಗಳ ಮೂಲೆಗಳು ಚೂಪಾಗಿವೆಯೇ ನೋಡಿ. ಸವೆದು ದುಂಡಗಾಗಿದ್ದರೆ ಗೇರಿನ ತೂತಿನಲ್ಲಿ ಜಾರುತ್ತವೆ.

ಇನ್ನು ಗ್ರೀಸ್. ತೆಳು ಲಿಥಿಯಂ ಗ್ರೀಸ್ ಅಥವಾ ಗ್ರಾಫೈಟ್, ಮಾಲಿಬ್ಡಿನಂ ಬೆರೆತ ಗ್ರೀಸ್ ಆದೀತು. ಹೆಬ್ಬೆರಳು ತೋರುಬೆರಳ ನಡುವೆ ಚೂರು ತೆಗೆದುಕೊಂಡು ಇನ್ನರನ್ನು ಅದರೊಳಗೆ ಎಳೆಯಿರಿ. ಹೊಳಪು ಬರಬೇಕು, ಉಂಡೆ ನಿಲ್ಲಬಾರದು. ಚಕ್ರದ ಬೇರಿಂಗಿಗೆ ಹಾಕುವ ದಪ್ಪ ಗ್ರೀಸ್ ತುಂಬಿದರೆ ಚಳಿಯಲ್ಲಿ ಅದೇ ಅಂಟಾಗಿ ಹೊಸ ತೊಂದರೆ ತರುತ್ತದೆ. ಮುಖ್ಯವಾದದ್ದು, ಮೀಟರಿನ ಕಡೆಯ 15-20 ಸೆಂಟಿಮೀಟರಿಗೆ ಏನೂ ಹಚ್ಚಬಾರದು. ನುಲಿ ಇರುವ ಹುರಿ ತಿರುಗುತ್ತ ಇದ್ದರೆ ತಿರುಪಿನ ಹಾಗೆ ಎಣ್ಣೆಯನ್ನು ಮೇಲಕ್ಕೆ ಸಾಗಿಸಬಲ್ಲದು. ನೀವು ಕೆಳಗೆ ಹಚ್ಚಿದ್ದೇ ಮೆಲ್ಲಗೆ ಮೇಲೆ ಹತ್ತುತ್ತದೆ. ತುದಿಗೂ ಹಚ್ಚಿದರೆ ಅದು ಮೀಟರಿನೊಳಗೆ ಹೋಗಿ ಬಟ್ಟಲಿಗೂ ಅಯಸ್ಕಾಂತಕ್ಕೂ ನಡುವೆ ಕೂರುತ್ತದೆ. ಗಾಳಿ ಇರಬೇಕಾದ ಕಡೆ ಗ್ರೀಸ್ ಇದ್ದರೆ ಮುಳ್ಳು ವೇಗವನ್ನು ಹೆಚ್ಚು ತೋರಿಸುತ್ತದೆ, ಗಾಡಿ ನಿಂತರೂ ಕೆಳಗಿಳಿಯಲು ಮೀನ ಮೇಷ ಎಣಿಸುತ್ತದೆ.

ಔಟರನ್ನು ಮರೆಯುವಂತಿಲ್ಲ. ನನ್ನ ಅನುಭವದಲ್ಲಿ ಅರ್ಧ ಕೇಬಲ್ಲುಗಳನ್ನು ಕೊಲ್ಲುವುದು ಮ್ಯೂಸಿಕ್ ಸಿಸ್ಟಮ್. ಹೊಸ ಸ್ಟೀರಿಯೊ ಕೂರಿಸುವವನು ಜಾಗ ಮಾಡಲು ಡ್ಯಾಶ್‌ಬೋರ್ಡಿನ ಹಿಂದಿನ ಕೇಬಲ್ಲನ್ನು ಪಕ್ಕಕ್ಕೆ ತಳ್ಳುತ್ತಾನೆ, ಅದು ಮೊಣಕೈಯಂತೆ ಮಡಚಿಕೊಳ್ಳುತ್ತದೆ. ಯಾವ ಬಾಗೂ ದೊಡ್ಡ ಊಟದ ತಟ್ಟೆಯ ಅಂಚಿಗಿಂತ ಬಿಗಿಯಾಗಿರಬಾರದು. ಅಳತೆಯಲ್ಲಿ ಹೇಳಿದರೆ ತ್ರಿಜ್ಯ 15 ಸೆಂಟಿಮೀಟರಿಗಿಂತ ಕಡಿಮೆ ಆಗಬಾರದು. ಮೀಟರಿನಿಂದ ಹೊರಟ ಮೊದಲ 5 ಸೆಂಟಿಮೀಟರ್ ನೆಟ್ಟಗೇ ಇರಬೇಕು. ಸೈಲೆನ್ಸರಿನ ಬಿಸಿ ಕೊಳವೆಗೆ ತಾಗಿ ಔಟರ್ ಕರಗಿದ್ದೂ ಇದೆ. ಎಷ್ಟೋ ಸಲ ದಾರಿ ಸರಿಪಡಿಸಿ ಎರಡು ಕಡೆ ಸಡಿಲವಾಗಿ ಟೈ ಹಾಕಿದ್ದಕ್ಕೇ ಶಬ್ದ ನಿಂತಿದೆ, ಗ್ರೀಸಿನ ಡಬ್ಬಿ ತೆರೆಯಬೇಕಾಗಿಯೇ ಬಂದಿಲ್ಲ.

ಹೊಸ ಕೇಬಲ್ ತರುವುದಾದರೆ ಹಳೆಯದನ್ನು ಜೊತೆಗೆ ಕೊಂಡೊಯ್ಯಿರಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಹಳೇ ಮೀಟರ್ ಬೇಕಾದವರು ಶಿವಾಜಿನಗರದ ಗುಜರಿ ಹುಡುಕುತ್ತಾರೆ. ಕೌಂಟರಿನ ಮೇಲೇ ಹಳತು ಹೊಸತನ್ನು ಪಕ್ಕ ಪಕ್ಕ ಇಟ್ಟು ಉದ್ದ ನೋಡಿ, ತುದಿ ನೋಡಿ, ಮೀಟರಿನ ಕಡೆ ಔಟರಿನಿಂದ ಇನ್ನರ್ ಎಷ್ಟು ಹೊರಚಾಚಿದೆ ನೋಡಿ. ನಟ್ ಹಾಕುವ ಹಳೇ ಬ್ರಿಟಿಷ್ ಮಾದರಿಯ ಮೀಟರುಗಳಿಗೆ ಅದು ಸುಮಾರು 10 ಮಿಲಿಮೀಟರ್. ಉಳಿದವಕ್ಕೆ ಹಳೆಯ ಕೇಬಲ್ಲೇ ಅಳತೆಗೋಲು. ಒಂದೆರಡು ಮಿಲಿಮೀಟರ್ ಹೆಚ್ಚಾದರೂ ಇನ್ನರ್ ಮೀಟರಿನ ಕಡ್ಡಿಯನ್ನು ಹಿಂದಿನಿಂದ ಒತ್ತುತ್ತಲೇ ಇರುತ್ತದೆ, ಹೊಸ ಕೇಬಲ್ ಹಾಕಿದ ದಿನದಿಂದಲೇ ಹೊಸ ಕೂಗು ಶುರು. ‘ಎಲ್ಲಾ ಗಾಡಿಗೂ ಆಗತ್ತೆ ಸಾರ್’ ಎಂದು ಕೊಡುವ ಕೇಬಲ್ಲಿನಲ್ಲಿ ಈ ತಪ್ಪೇ ಹೆಚ್ಚು.

ಮೀಟರೇ ತಪ್ಪಿತಸ್ಥನಾದರೆ

ಕೇಬಲ್ ಕಳಚಿದಾಗ ಶಬ್ದ ಹೋಗಿದ್ದರೆ ಮೀಟರನ್ನು ಮೇಜಿನ ಮೇಲೆ ಇಟ್ಟು, ಹಿಂದಿನ ಚೌಕ ತೂತಿಗೆ ಹಳೇ ಇನ್ನರಿನ ತುಂಡೊಂದನ್ನು ಕೂರಿಸಿ ಬೆರಳಲ್ಲಿ ತಿರುಗಿಸಿ. ಒಂದು ದಿಕ್ಕಿನಲ್ಲಿ ಮುಳ್ಳು ಸ್ವಲ್ಪ ಎದ್ದು ಹಿಂದಕ್ಕೆ ಬೀಳುತ್ತದೆ, ಅದು ಸರಿಯಾದ ದಿಕ್ಕು. ಈಗ ಆ ತುಂಡನ್ನು ಬ್ಯಾಟರಿ ಡ್ರಿಲ್ಲಿಗೆ ಕಚ್ಚಿಸಿ ಅದೇ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಿದರೆ ಗಾಡಿ ಓಡಿಸದೆಯೇ ಶಬ್ದವನ್ನು ಮೇಜಿನ ಮೇಲೆ ಕೇಳಬಹುದು. ನಿಮಿಷಕ್ಕೆ ಆರೇಳುನೂರು ಸುತ್ತು ಸಾಕು, ಅದಕ್ಕೆ ಮುಳ್ಳು 60ರ ಆಸುಪಾಸು ಬರಬೇಕು. ಉಲ್ಟಾ ತಿರುಗಿಸಬೇಡಿ. ಕೆಲವು ಮೀಟರುಗಳಲ್ಲಿ ಅಂಕಿಗಳು ಹಿಂದಕ್ಕೆ ಓಡುತ್ತವೆ, ಅದು ರಿಪೇರಿ ಅಲ್ಲ, ಗಾಡಿ ಮಾರುವವರ ಕುಶಲಕಲೆ.

ಕೂಗುವುದು ಸಾಮಾನ್ಯವಾಗಿ ಅಯಸ್ಕಾಂತದ ಕಡ್ಡಿ ಕೂರುವ ಬುಷ್. ಲೋಹದ ಪುಡಿಯನ್ನು ಒತ್ತಿ ಬೇಯಿಸಿ ಮಾಡಿದ ಬುಷ್ ಇದು, ಸ್ಪಂಜಿನಂತೆ ತನ್ನೊಳಗೇ ಎಣ್ಣೆ ಹೀರಿಟ್ಟುಕೊಂಡಿರುತ್ತದೆ. ಇಪ್ಪತ್ತು ಮೂವತ್ತು ವರ್ಷದಲ್ಲಿ ಆ ಎಣ್ಣೆ ಆರಿ ಅಂಟಾಗುತ್ತದೆ. ಕೆಲವು ಹಳೇ ಮೀಟರುಗಳಲ್ಲಿ ಕೇಬಲ್ ಕೂರುವ ಜಾಗದ ಬದಿಯಲ್ಲೇ ಎಣ್ಣೆ ಬಿಡಲು ಸಣ್ಣ ತೂತು, ಒಳಗೆ ಉಣ್ಣೆಯ ಬತ್ತಿ ಇರುತ್ತದೆ. ಹೊಲಿಗೆ ಯಂತ್ರಕ್ಕೆ ಬಿಡುವ ತೆಳು ಎಣ್ಣೆಯನ್ನು ಸೂಜಿಯ ತುದಿಯಲ್ಲಿ ತೆಗೆದು ಎರಡೇ ಎರಡು ಹನಿ ಬಿಡಿ. ಮೀಟರನ್ನು ಮುಖ ಕೆಳಗೆ ಮಾಡಿ ಒಂದು ರಾತ್ರಿ ಇಡಿ, ಬುಷ್ ತಾನೇ ಹೀರಿಕೊಳ್ಳುತ್ತದೆ. ಮೂರನೇ ಹನಿ ಬಿಡಬೇಕೆಂದು ಕೈ ತುಡಿಯುತ್ತದೆ, ಬಿಡಬೇಡಿ. ಹೆಚ್ಚಾದದ್ದು ಬಟ್ಟಲಿಗೆ ಇಳಿಯುತ್ತದೆ.

ನಮ್ಮ ಗ್ಯಾರೇಜಿನ ಹುಡುಗ ಹೊಡೆದ ಸ್ಪ್ರೇ ಯಾಕೆ ಎಂಟೇ ದಿನ ಬಾಳಿತು ಎಂಬುದಕ್ಕೂ ಉತ್ತರ ಇಲ್ಲಿದೆ. ಅಂಥ ಸ್ಪ್ರೇಯಲ್ಲಿ ಹೆಚ್ಚಿನ ಪಾಲು ಆರಿಹೋಗುವ ದ್ರಾವಕ. ಅದು ಅಳಿದುಳಿದ ಹಳೇ ಗ್ರೀಸನ್ನೂ ತೊಳೆದು, ತೆಳ್ಳಗಿನ ಪೊರೆ ಬಿಟ್ಟು ಹೋಗುತ್ತದೆ. ತುಕ್ಕು ಹಿಡಿದ ನಟ್ ಬಿಚ್ಚಲು ಒಳ್ಳೆಯದೇ, ಆದರೆ ನಿಮಿಷಕ್ಕೆ ನೂರಾರು ಸುತ್ತು ತಿರುಗುವ ಕಡ್ಡಿಯನ್ನು ವರ್ಷಗಟ್ಟಲೆ ಕಾಯುವ ತಾಕತ್ತು ಅದಕ್ಕಿಲ್ಲ. ಹಾರಿದ ಹನಿಗಳು ಮೀಟರಿನ ಮುಖದ ಬಣ್ಣವನ್ನೂ ಕಲೆ ಮಾಡುತ್ತವೆ.

ಮುಳ್ಳನ್ನು ಕೀಳಬಾರದು. ಕಿತ್ತು ಮತ್ತೆ ಒತ್ತಿದರೆ ಅದು ಎಲ್ಲಿ ನಿಲ್ಲಬೇಕೆಂಬ ಲೆಕ್ಕವೇ ತಪ್ಪುತ್ತದೆ. ಸುರುಳಿ ಸ್ಪ್ರಿಂಗಿಗೆ ಉಸಿರೂ ತಾಗಿಸಬೇಡಿ ಎನ್ನುತ್ತೇನೆ. ಒಂದು ಸುತ್ತು ಇನ್ನೊಂದಕ್ಕೆ ಅಂಟಿದರೂ ಸಾಕು, ಮುಳ್ಳು ಸುಳ್ಳು ಹೇಳಲು. ಕಡ್ಡಿಯನ್ನು ಅಡ್ಡಡ್ಡ ಅಲುಗಾಡಿಸಿದಾಗ ಕಟಕಟ ಎಂದರೆ ಬುಷ್ ಸವೆದಿದೆ, ಎಣ್ಣೆಯಿಂದ ಅದು ತುಂಬುವುದಿಲ್ಲ. ಮೀಟರ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರಿಗೆ ಒಪ್ಪಿಸುವ ಕೆಲಸ ಅದು. ಮೀಟರ್ ಬದಲಿಸಲೇಬೇಕಾದರೆ ಹಳೆಯದರ ಕಿಲೋಮೀಟರನ್ನು ಫೋಟೊ ತೆಗೆದು, ಬಿಲ್ಲಿನ ಮೇಲೂ ಬರೆಸಿಕೊಂಡು ಗಾಡಿಯ ಕಾಗದಗಳ ಜೊತೆ ಇಡಿ. ನಾಳೆ ಮಾರುವಾಗ ಕೊಳ್ಳುವವರು ಕೇಳುತ್ತಾರೆ, ಕೇಳಬೇಕು ಕೂಡ.

ಗೇರ್ ಬಾಕ್ಸಿನ ತುದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ಕೆಡುವುದು ಎರಡೇ. ಒಂದು ಗೇರಿನ ಹಲ್ಲು. ಇನ್ನೊಂದು ಎಣ್ಣೆ ಸೋರದಂತೆ ತಡೆಯುವ ಅದರ ಬಳೆಗಳು, ಆಯಿಲ್ ಸೀಲ್ ಮತ್ತು ಓ-ರಿಂಗ್. ಸೀಲ್ ಹೋದರೆ ಗೇರ್ ಆಯಿಲ್ ನುಲಿಯ ಏಣಿ ಹತ್ತಿ ಮೀಟರಿನವರೆಗೂ ಬರುತ್ತದೆ. ಕೇಬಲ್ ಕಳಚಿದಾಗ ಮೇಲ್ತುದಿಯಿಂದ ಎಣ್ಣೆ ತೊಟ್ಟಿಕ್ಕಿದರೆ ಬೇರೆ ಸಾಕ್ಷಿ ಬೇಕಿಲ್ಲ. ಸೀಲ್ ಬದಲಿಸದೆ ಮೀಟರ್ ತೊಳೆಯುವುದು, ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ. ಗೇರ್ ಬಾಕ್ಸಿನಲ್ಲಿ ಎಣ್ಣೆ ಎಷ್ಟು ಉಳಿದಿದೆ ಎಂದೂ ಆಗಲೇ ನೋಡಿಸಿಬಿಡಿ.

ಎಲ್ಲ ಜೋಡಿಸುವಾಗ ಕೇಬಲ್ಲನ್ನು ಮೀಟರಿಗೆ ಒತ್ತುವ ಮೊದಲು ಇನ್ನರನ್ನು ಬೆರಳಲ್ಲಿ ಅತ್ತಿತ್ತ ತಿರುಗಿಸಿ, ಕೆಳಗಿನ ಚೌಕ ಗೇರಿನೊಳಗೆ ಕೂತು ತಡೆಯುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಕೂರದೆ ಬಿಗಿ ಮಾಡಿದರೆ ಇನ್ನರಿನ ತುದಿ ಮೀಟರಿನ ಕಡ್ಡಿಗೆ ಅಡ್ಡ ಒತ್ತಿ ಎರಡನ್ನೂ ಕೆಡಿಸುತ್ತದೆ. ಆಮೇಲೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಫೋನಿನ ಜಿಪಿಎಸ್ ವೇಗವನ್ನು ಅವರೇ ಓದಿ ಹೇಳುವಂತೆ ಹತ್ತು ಕಿಲೋಮೀಟರ್ ಹೋಗಿ ಬನ್ನಿ. ಫೋನು 50 ಎನ್ನುವಾಗ ಮೀಟರು 54 ತೋರಿಸಿದರೆ ಗಾಬರಿ ಬೇಡ. ಇಂದಿನ ವಿಶ್ವಸಂಸ್ಥೆಯ 39ನೇ ವಾಹನ ನಿಯಮವೇ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು, ಹೆಚ್ಚು ತೋರಿಸಿದರೆ ನಿಜ ವೇಗದ ಹತ್ತನೇ ಒಂದು ಪಾಲಿನ ಮೇಲೆ ಇನ್ನು 4 ಕಿ.ಮೀ. ದಾಟಬಾರದು ಎನ್ನುತ್ತದೆ. ಆ ಲೆಕ್ಕಕ್ಕೆ 50ರಲ್ಲಿ 59ರವರೆಗೂ ಮಾಫಿ. ಮೀಟರ್ 46 ತೋರಿಸಿದರೆ ಮಾತ್ರ ಚಿಂತೆ ಮಾಡಿ, ಮೊದಲು ಟೈರಿನ ಅಳತೆ ನೋಡಿ; ದೊಡ್ಡ ಟೈರ್ ಹಾಕಿಸಿದ ಗಾಡಿ ಕಡಿಮೆ ತೋರಿಸುತ್ತದೆ.

ತಿಂಗಳೊಪ್ಪತ್ತಿನ ಮೇಲೆ ಒಮ್ಮೆ ಮೀಟರಿನ ಹಿಂದಿನ ಕ್ಲಿಪ್ ಕಳಚಿ, ಒಣಗಿಸಿಟ್ಟಿದ್ದ ಆ 15 ಸೆಂಟಿಮೀಟರನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ನಮ್ಮದರಲ್ಲಿ ಬಟ್ಟೆ ಬೆಳ್ಳಗೇ ಬಂತು. ಅಮ್ಮ ಮಾತ್ರ ಇಂದಿಗೂ ಗಾಡಿ ಹತ್ತುವ ಮೊದಲು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟುತ್ತಾರೆ, ಇಲಿ ಇದ್ದರೆ ಓಡಿಹೋಗಲಿ ಎಂದು.